ಶಬ್ದದ ಪಾಠಕ್ಕೆ ಪಿಡಿಎಫ್ ಮಾತ್ರ

ಈ ಬಾರಿಯ ಇಂಟರ್ನ್‌ಶಿಪ್‌ನಲ್ಲಿ ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿಯ ಸರಿಯಾದ ಉತ್ತರಕ್ಕೆ ನಾನು ತಪ್ಪು ಗುರುತು ಹಾಕಿದೆ. ಅಷ್ಟೇ ಅಲ್ಲ, ಅದನ್ನು 'ಸಾಮಾನ್ಯವಾಗಿ ಆಗುವ ತಪ್ಪು' ಎಂದು ಇಡೀ ತರಗತಿಗೆ ವಿವರಿಸಿದೆ. ಆ ತಪ್ಪಿನ ಬೀಜ ಬಿದ್ದದ್ದು ಅದಕ್ಕೂ ಒಂದು ವಾರ ಮೊದಲು, ನಾನು ಹಾಸ್ಟೆಲ್ಲಿನಲ್ಲಿ ಕುಳಿತು ಮೂಡಲ್‌ನಲ್ಲಿ ಒಂದು ಅಸೈನ್‌ಮೆಂಟ್ ಸಿದ್ಧಪಡಿಸಿದಾಗ. ಅಲ್ಲಿ ಯಾವ ಬಗೆಯ ಫೈಲ್ ಸ್ವೀಕರಿಸಬೇಕು ಎಂದು ಕೇಳುವ ಒಂದು ಖಾನೆ ಇದೆ. ಅದನ್ನು ನಾನು ಯೋಚಿಸದೆ ತುಂಬಿದೆ. ಆ ಖಾನೆಯನ್ನು ತುಂಬುವುದು ಪಾಠ ಯೋಜನೆಯ ಭಾಗ, ಅದನ್ನು ನಾವು ಕಲಿಯಬೇಕು, ನಮ್ಮ ಮಾರ್ಗದರ್ಶಕರು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ನಡೆದದ್ದನ್ನು ಮೊದಲು ಹೇಳುತ್ತೇನೆ. ನಮ್ಮ ಕಾಲೇಜಿನ ಮೂಡಲ್ ತಾಣದಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಗೂ ತಾನು ಪಾಠ ಮಾಡುವ ತರಗತಿಗಾಗಿ ಒಂದು ಕೋರ್ಸ್ ತೆರೆದು ಕೊಡುತ್ತಾರೆ. ನನಗೆ ಸಿಕ್ಕ ಘಟಕ 'ಶಬ್ದ'. ಮನೆಯಲ್ಲಿ ಮಾಡಲು ಒಂದು ಚಟುವಟಿಕೆ ಕೊಟ್ಟೆ: ಮೂರು ಲೋಟ ಅಥವಾ ಬಾಟಲಿಗಳಲ್ಲಿ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ, ಶಬ್ದ ಹೊರಡಿಸಿ, ನೀರಿನ ಮಟ್ಟಕ್ಕೂ ಸ್ವರದ ಸ್ಥಾಯಿಗೂ ಇರುವ ಸಂಬಂಧವನ್ನು ಬರೆದು ಕಳಿಸಿ. ಕಳಿಸಬೇಕಾದದ್ದು ಒಂದೇ ಫೈಲ್, ಪಿಡಿಎಫ್ ಮಾತ್ರ, 2 ಎಂಬಿ ಒಳಗೆ. ಈ ಮೂರೂ ಷರತ್ತುಗಳನ್ನು ನಾನು ಯೋಚಿಸಿ ಇಟ್ಟದ್ದಲ್ಲ. ನಾವು ಪಾಠ ಯೋಜನೆ ಸಲ್ಲಿಸುವ ಅಸೈನ್‌ಮೆಂಟನ್ನೇ ನಕಲು ಮಾಡಿ ಹೆಸರು ಬದಲಿಸಿದ್ದೆ. ಷರತ್ತುಗಳು ಅದರ ಜೊತೆಗೇ ಬಂದವು.

ಆ ಹುಡುಗಿ ಕಳಿಸಿದ ಪುಟದಲ್ಲಿ ಒಂದೇ ವಾಕ್ಯ ಇತ್ತು: ನೀರು ಹೆಚ್ಚಾದ ಹಾಗೆ ಸ್ವರ ಮೇಲಕ್ಕೆ ಹೋಯಿತು. ಲೋಟ ತಟ್ಟಿದರೆ ಆಗುವುದು ಇದಕ್ಕೆ ವಿರುದ್ಧ. ತಪ್ಪು ಗುರುತು ಹಾಕಿದೆ. ಮರುದಿನ ತರಗತಿಯಲ್ಲಿ ಹೆಸರು ಹೇಳದೆ ಇದನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ಅವಳು ತಲೆ ತಗ್ಗಿಸಿ ಕುಳಿತಿದ್ದಳು. ನಾಚಿಕೆ ಇರಬೇಕು ಎಂದುಕೊಂಡೆ.

ನಾಲ್ಕು ದಿನದ ನಂತರ ಊಟದ ಬಿಡುವಿನಲ್ಲಿ ಅಣ್ಣನ ಫೋನ್ ಹಿಡಿದುಕೊಂಡು ಬಂದಳು. "ಮಿಸ್, ನಾನು ಇದನ್ನ ಹಾಕೋಕೆ ಹೋದೆ, ತಗೊಳ್ಳಲೇ ಇಲ್ಲ. ಕೆಂಪು ಅಕ್ಷರದಲ್ಲಿ ಇಂಗ್ಲಿಷ್‌ನಲ್ಲಿ ಏನೋ ಬಂತು" ಎಂದಳು. ಫೋನಿನ ರೆಕಾರ್ಡರ್‌ನಲ್ಲಿ ಮಾಡಿದ ನಲವತ್ತು ಸೆಕೆಂಡಿನ ಧ್ವನಿ ಅದು. ಕೇಳಿದೆ. ತಟ್ಟುವ ಸದ್ದು ಎಲ್ಲೂ ಇಲ್ಲ. ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿದ ಸದ್ದು. ಮೂರು ಬಾಟಲಿ, ಮೂರು ಸ್ವರ, ಒಂದಕ್ಕಿಂತ ಒಂದು ಮೇಲೆ.

ವಿಜ್ಞಾನದ ಓದುಗರಿಗೆ ಇಷ್ಟೇ ಸಾಕು. ಉಳಿದವರಿಗಾಗಿ: ಲೋಟವನ್ನು ಚಮಚದಿಂದ ತಟ್ಟಿದಾಗ ಕಂಪಿಸುವುದು ಲೋಟ ಮತ್ತು ಅದರೊಳಗಿನ ನೀರು. ನೀರು ಹೆಚ್ಚಾದಷ್ಟೂ ಕಂಪಿಸಬೇಕಾದ ರಾಶಿ ಹೆಚ್ಚು, ಆವೃತ್ತಿ ಕಡಿಮೆ, ಸ್ವರ ತಗ್ಗು. ಬಾಟಲಿಯ ಬಾಯಿಗೆ ಊದಿದಾಗ ಕಂಪಿಸುವುದು ನೀರಿನ ಮೇಲಿರುವ ಗಾಳಿ. ನೀರು ಹೆಚ್ಚಾದಷ್ಟೂ ಗಾಳಿಗೆ ಜಾಗ ಕಡಿಮೆ, ಆವೃತ್ತಿ ಹೆಚ್ಚು, ಸ್ವರ ಏರು. ಅವಳು ನೋಡಿದ್ದು, ಕೇಳಿದ್ದು, ಬರೆದದ್ದು ಎಲ್ಲವೂ ಸರಿ.

ಶಬ್ದದ ಬಗ್ಗೆ ಪಾಠ ಮಾಡಿ, ಶಬ್ದ ಹೊರಡಿಸಲು ಹೇಳಿ, ಶಬ್ದದ ಫೈಲನ್ನು ಬಾಗಿಲಲ್ಲೇ ತಡೆದವಳು ನಾನು.

ಮಾರ್ಗದರ್ಶಕರಿಗೆ ಹೇಳಿದಾಗ ಅವರು, "ನಿನ್ನ ಪ್ರಶ್ನೆಯೇ ಸಡಿಲ ಆಗಿತ್ತಮ್ಮ. ಹೇಗೆ ಶಬ್ದ ಹೊರಡಿಸಬೇಕು ಅಂತ ಹೇಳಿರಲಿಲ್ಲ" ಎಂದರು. ಪೂರ್ತಿ ಒಪ್ಪುತ್ತೇನೆ. ಆದರೆ ನಾವೆಲ್ಲ ಕಲಿಯುವ ಹಂತದಲ್ಲಿದ್ದೇವೆ, ಸಡಿಲ ಪ್ರಶ್ನೆಗಳನ್ನು ಕೇಳುತ್ತೇವೆ. ಆಗ ನಮ್ಮನ್ನು ಕಾಪಾಡುವುದು ಮಗು ತಂದು ಕೊಡುವ ಸಾಕ್ಷ್ಯ. ಆ ಸಾಕ್ಷ್ಯ ಒಳಗೆ ಬರದಂತೆ ಸೆಟ್ಟಿಂಗ್ ಇಟ್ಟರೆ ಪ್ರಶ್ನೆಯ ತಪ್ಪು ಮಗುವಿನ ತಲೆಗೆ ಬರುತ್ತದೆ.

ಈ ಸೆಟ್ಟಿಂಗ್ ಎಲ್ಲಿದೆ, ಹೇಗೆ ಕೆಲಸ ಮಾಡುತ್ತದೆ ಎಂದು ಆಮೇಲೆ ಕುಳಿತು ನೋಡಿದೆ. ಮೂಡಲ್‌ನ ಅಸೈನ್‌ಮೆಂಟ್ ಪುಟದಲ್ಲಿ 'ಸಬ್ಮಿಷನ್ ಟೈಪ್ಸ್' ಎಂಬ ಭಾಗವಿದೆ. ಅಲ್ಲಿ ಉತ್ತರವನ್ನು ನೇರವಾಗಿ ಬರೆಯಬಹುದೇ, ಫೈಲ್ ಹಾಕಬಹುದೇ, ಎಷ್ಟು ಫೈಲ್, ಎಷ್ಟು ಗಾತ್ರ, ಯಾವ ಬಗೆ ಎಂಬುದೆಲ್ಲ ಇದೆ. ಬಗೆಯ ಖಾನೆ ಖಾಲಿ ಬಿಟ್ಟರೆ ಎಲ್ಲವನ್ನೂ ಸ್ವೀಕರಿಸುತ್ತದೆ. 'ಚೂಸ್' ಒತ್ತಿದರೆ ಚಿತ್ರ, ಧ್ವನಿ, ವಿಡಿಯೋ, ಡಾಕ್ಯುಮೆಂಟ್ ಎಂಬ ಗುಂಪುಗಳು ತೆರೆಯುತ್ತವೆ. ಇಡೀ ಗುಂಪಿಗೆ ಟಿಕ್ ಹಾಕಬಹುದು, ಒಂದೊಂದನ್ನೇ ಆರಿಸಲೂಬಹುದು. ಪಟ್ಟಿಯಲ್ಲಿ ಇಲ್ಲದ ಬಗೆ ಬೇಕಾದರೆ ತಾಣದ ಆಡಳಿತ ನೋಡುವವರು 'ಸರ್ವರ್' ಭಾಗದ 'ಫೈಲ್ ಟೈಪ್ಸ್' ಪುಟದಲ್ಲಿ ಸೇರಿಸಬಹುದು. ಧ್ವನಿ ಗುಂಪಿಗೆ ಒಂದು ಟಿಕ್ ಹಾಕಿದ್ದರೆ ನನ್ನ ಕಥೆ ಬೇರೆಯಾಗುತ್ತಿತ್ತು.

2 ಎಂಬಿ ಎಲ್ಲಿಂದ ಬಂತು ಎಂಬುದು ಇನ್ನೂ ಕುತೂಹಲದ್ದು. ಮೂಡಲ್ ಬರೆದಿರುವುದು ಪಿಎಚ್‌ಪಿ ಭಾಷೆಯಲ್ಲಿ. ಪಿಎಚ್‌ಪಿಯನ್ನು ಹಾಗೇ ಹಾಕಿಟ್ಟರೆ ಅದು ಒಂದು ಫೈಲಿಗೆ ಕೊಡುವ ಮಿತಿ 2 ಎಂಬಿ. ಅದರ ಮೇಲೆ ತಾಣದ ಮಿತಿ, ಕೋರ್ಸಿನ ಮಿತಿ, ಅಸೈನ್‌ಮೆಂಟಿನ ಮಿತಿ ಕೂರುತ್ತವೆ. ಕೆಳಗಿನ ಹಂತದವರು ಮಿತಿಯನ್ನು ಇಳಿಸಬಹುದು, ಏರಿಸಲಾಗದು. ಎಲ್ಲಕ್ಕಿಂತ ಸಣ್ಣದು ಯಾವುದೋ ಅದೇ ನಡೆಯುತ್ತದೆ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋನಿನಲ್ಲಿ ತೆಗೆದ ಒಂದು ಫೋಟೋವೇ 3-4 ಎಂಬಿ ಇರಬಹುದು. ಅಂದರೆ ಯಾರೂ ಕುಳಿತು ನಿರ್ಧರಿಸದ ಒಂದು ಸಂಖ್ಯೆ, ಮಗುವಿನ ನೋಟ್‌ಬುಕ್ಕಿನ ಫೋಟೋವನ್ನು ಹಿಂದಕ್ಕೆ ಕಳಿಸಬಲ್ಲದು.

ಫೈಲ್ ಬಗೆ ಎಂದರೇನು ಎಂಬುದನ್ನೂ ತಿಳಿದಿರಬೇಕು. 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಇಮೇಲ್‌ನಲ್ಲಿ ಚಿತ್ರ, ಧ್ವನಿ ಕಳಿಸಲೆಂದು ಮೈಮ್ ಎಂಬ ವ್ಯವಸ್ಥೆ ರೂಪಿಸಿದರು. ಅದರಲ್ಲಿ ಪ್ರತಿ ಬಗೆಗೂ ಎರಡು ಭಾಗದ ಹೆಸರು: ಇಮೇಜ್/ಜೆಪೆಗ್, ಆಡಿಯೋ/ಎಂಪೆಗ್ ಹೀಗೆ. ನಮ್ಮ ಜೀವಶಾಸ್ತ್ರದ ಜಾತಿ ಮತ್ತು ಪ್ರಭೇದದ ದ್ವಿನಾಮ ಪದ್ಧತಿಯಂತೆ. ಮುಂದೆ ಇದನ್ನೇ ವೆಬ್ ಕೂಡ ಬಳಸಿಕೊಂಡಿತು. ಆದರೆ ಮೂಡಲ್ ಈ ಪಟ್ಟಿಗೆ ಹೋಲಿಸುವಾಗ ನೋಡುವುದು ಮುಖ್ಯವಾಗಿ ಫೈಲ್ ಹೆಸರಿನ ಕೊನೆಯ ಬಾಲವನ್ನು, ಅಂದರೆ ಚುಕ್ಕಿಯ ನಂತರದ ಅಕ್ಷರಗಳನ್ನು. ಬಾಲ ಬೇರೆ, ಒಳಗಿನ ವಸ್ತು ಬೇರೆ ಆಗಿರಬಹುದು. ವರ್ಡ್‌ನ ಡಾಕ್ಸ್ ಫೈಲ್ ಒಳಗೆ ಒಂದು ಜಿಪ್ ಪೊಟ್ಟಣ. ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ತೆರೆದರೆ ಒಳಗಿನ ಚಿತ್ರಗಳು ಬೇರೆ ಬೇರೆಯಾಗಿ ಕಾಣುತ್ತವೆ. ಐಸಿಟಿ ಅವಧಿಯಲ್ಲಿ ಐದು ನಿಮಿಷದಲ್ಲಿ ಮಾಡಿ ತೋರಿಸಬಹುದಾದ ಪ್ರಯೋಗ ಇದು.

ಪಿಡಿಎಫ್ ಕೂಡ ಹಾಗೆಯೇ, ಒಂದು ಡಬ್ಬಿ. ಆ ಹುಡುಗಿಯ ಪಿಡಿಎಫ್ ಒಳಗೆ ಇದ್ದದ್ದು ನೋಟ್‌ಬುಕ್ ಪುಟದ ಫೋಟೋ. ಅಣ್ಣ ಕೆಲಸದಿಂದ ಬರುವುದು ರಾತ್ರಿ ಎಂಟಕ್ಕೆ. ಧ್ವನಿ ಹೋಗಲಿಲ್ಲ, ಫೋಟೋ ಹೋಗಲಿಲ್ಲ. ಮರುದಿನ ಜೆರಾಕ್ಸ್ ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟು ಅದೇ ಫೋಟೋವನ್ನು ಪಿಡಿಎಫ್ ಮಾಡಿಸಿದ್ದಳು. ನನಗೆ ಕೊನೆಗೂ ಬಂದದ್ದು ಫೋಟೋವೇ. ನನ್ನ ನಿಯಮದಿಂದ ಆದ ಲಾಭ ಅಂಗಡಿಯವರಿಗೆ ಹತ್ತು ರೂಪಾಯಿ.

ಹಾಗಾದರೆ ಪಿಡಿಎಫ್ ನಿಯಮವೇ ತಪ್ಪೇ? ಅಲ್ಲ. ನಮ್ಮ ಪಾಠ ಯೋಜನೆಗೆ ಅದು ಸರಿಯಾದ ನಿಯಮ. ಪಿಯುಸಿ ಮುಗಿಸಿ ಈ ಕೋರ್ಸಿಗೆ ಸೇರುವ ಮೊದಲು ಎರಡು ವರ್ಷ ನಾನು ಡಿಟಿಪಿ ಅಂಗಡಿಯೊಂದರಲ್ಲಿ ಕೆಲಸ ಮಾಡಿದ್ದೇನೆ. ಕನ್ನಡದ ಕಡತಗಳ ಪಾಡು ನನಗೆ ಗೊತ್ತು. ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಪಿಡಿಎಫ್‌ನಲ್ಲಿ ಫಾಂಟನ್ನೂ ಒಳಗೇ ಸೇರಿಸಬಹುದಾದ್ದರಿಂದ ಪುಟ ಎಲ್ಲೆಡೆ ಒಂದೇ ರೀತಿ ಕಾಣುತ್ತದೆ. ಮೂಡಲ್‌ನಲ್ಲಿ ಮಾರ್ಗದರ್ಶಕರು ಪಿಡಿಎಫ್ ಪುಟದ ಮೇಲೆಯೇ ಗುರುತು ಹಾಕಿ ಟಿಪ್ಪಣಿ ಬರೆಯಲೂ ಆಗುತ್ತದೆ. ಇವು ಗಟ್ಟಿ ಕಾರಣಗಳು.

ಆದರೆ ಅಲ್ಲಿಯೂ ಒಂದು ಮಾತು ಸೇರಿಸಬೇಕು. ಹಳೆಯ ವಿನ್ಯಾಸದ ಅಕ್ಷರಗಳಿಂದ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ಅದರಲ್ಲಿ 'ಆವೃತ್ತಿ' ಎಂದು ಹುಡುಕಿದರೆ ಸಿಗುವುದಿಲ್ಲ. ನಕಲಿಸಿ ಅಂಟಿಸಿದರೆ ಮತ್ತೆ ಅದೇ ಅರ್ಥವಿಲ್ಲದ ಅಕ್ಷರಗಳು. ದೃಷ್ಟಿದೋಷವುಳ್ಳವರು ಬಳಸುವ ಓದುವ ತಂತ್ರಾಂಶಕ್ಕೆ ಅದು ಓದಲು ಬಾರದು. ಹಿಂದಿನ ವರ್ಷಗಳ ಒಳ್ಳೆಯ ಪಾಠ ಯೋಜನೆಗಳು ತಾಣದಲ್ಲೇ ಇದ್ದೂ ನಮಗೆ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ 'ಪಿಡಿಎಫ್ ಮಾತ್ರ' ಎಂದು ಬರೆಯುವ ಬದಲು 'ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಪಿಡಿಎಫ್' ಎಂದು ಬರೆಯುವುದು ಒಳ್ಳೆಯದು. ಡಬ್ಬಿಯ ಹೆಸರಿನ ಜೊತೆಗೆ ಒಳಗೆ ಏನಿರಬೇಕು ಎಂಬುದನ್ನೂ ಹೇಳಿದಂತಾಗುತ್ತದೆ.

ನನ್ನ ವಾದಕ್ಕೆ ಬರುವ ಆಕ್ಷೇಪಗಳನ್ನು ನಮ್ಮ ವಿಮರ್ಶಾ ಸಭೆಯಲ್ಲೇ ಕೇಳಿದ್ದೇನೆ. ಅವುಗಳಲ್ಲಿ ಹುರುಳಿದೆ.

ಮೊದಲನೆಯದು ಸುರಕ್ಷತೆ. ಎಲ್ಲ ಬಗೆಗೂ ಬಾಗಿಲು ತೆರೆದರೆ ಅಪಾಯದ ಫೈಲೂ ಬರಬಹುದು. ನಿಜ. ವರ್ಡ್‌ಪ್ರೆಸ್ ತಾನಾಗಿ ಎಸ್‌ವಿಜಿ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ನೋಡಲು ಚಿತ್ರವಾದರೂ ಅದರೊಳಗೆ ಬ್ರೌಸರ್ ಓಡಿಸಬಲ್ಲ ಆದೇಶಗಳನ್ನು ಅಡಗಿಸಿಡಬಹುದು ಎಂಬುದೇ ಕಾರಣ. ಆದ್ದರಿಂದ ಖಾನೆಯನ್ನು ಖಾಲಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಧ್ವನಿ, ಚಿತ್ರ, ಡಾಕ್ಯುಮೆಂಟ್ ಎಂಬ ಗುಂಪುಗಳನ್ನು ಆರಿಸುವುದಕ್ಕೂ ಬಾಗಿಲು ಬೀಗ ಹಾಕದೆ ಬಿಡುವುದಕ್ಕೂ ವ್ಯತ್ಯಾಸವಿದೆ.

ಎರಡನೆಯದು ಮೌಲ್ಯಮಾಪನದ ಹೊರೆ. ನಾನು ಇದನ್ನೂ ಅನುಭವಿಸಿದೆ. ಆ ಘಟನೆಯ ನಂತರ ಪಶ್ಚಾತ್ತಾಪದಲ್ಲಿ ಮುಂದಿನ ಅಸೈನ್‌ಮೆಂಟಿಗೆ ಎಲ್ಲವನ್ನೂ ಬಿಟ್ಟುಕೊಟ್ಟೆ. ವಿಡಿಯೋ, ಫೋಟೋ, ಧ್ವನಿ, ಜಿಪ್ ಎಲ್ಲ ಬಂದವು. ಐಫೋನಿನಿಂದ ಬಂದ ಹೈಕ್ ಫೋಟೋಗಳು ಶಾಲೆಯ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಆಪಲ್ 2017ರಿಂದ ಕ್ಯಾಮೆರಾಕ್ಕೆ ಬಳಸುತ್ತಿರುವ ಬಗೆ ಅದು. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಜೆಪೆಗ್ ಆಗಿ ಬರುತ್ತದೆ ಎಂದು ಆಮೇಲೆ ತಿಳಿಯಿತು. ಮೂರು ಸಂಜೆ ಫೈಲ್ ತೆರೆಯುವುದರಲ್ಲೇ ಹೋಯಿತು. ಮಕ್ಕಳ ಬರಹಕ್ಕೆ ಹಿಮ್ಮಾಹಿತಿ ಬರೆಯಲು ಉಳಿದದ್ದು ಅರ್ಧ ಗಂಟೆ. ಎಲ್ಲವನ್ನೂ ಸ್ವೀಕರಿಸುವುದೂ ಯೋಚಿಸದೆ ಇರುವುದರ ಇನ್ನೊಂದು ರೂಪ ಎಂದು ಆಗ ಅರ್ಥವಾಯಿತು.

ಮೂರನೆಯದು ಸಮಾನತೆ. ಎಲ್ಲರೂ ಒಂದೇ ರೂಪದಲ್ಲಿ ಕೊಟ್ಟರೆ ಅಂಕ ಕೊಡುವುದು ನ್ಯಾಯವಾಗಿರುತ್ತದೆ ಎನ್ನುತ್ತಾರೆ. ಇದನ್ನು ನಾನು ಒಪ್ಪಲಾರೆ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಮಗುವಿಗೂ ರಾತ್ರಿ ಎಂಟರ ನಂತರ ಅಣ್ಣನ ಫೋನ್ ಸಿಗುವ ಮಗುವಿಗೂ ಒಂದೇ ಫೈಲ್ ಬಗೆ ಕೇಳಿದರೆ, ನಿಯಮ ಒಂದೇ ಆಗಿರುತ್ತದೆ, ಖರ್ಚು ಒಂದೇ ಆಗಿರುವುದಿಲ್ಲ. ನಾವು ಅಳೆಯಬೇಕಾದದ್ದು ಕಲಿಕಾ ಫಲ. ಸ್ಥಾಯಿ ಮತ್ತು ಆವೃತ್ತಿಯ ಸಂಬಂಧ ಗೊತ್ತಾಯಿತೇ ಎಂಬುದನ್ನು ಬರಹದಿಂದಲೂ ತಿಳಿಯಬಹುದು, ಧ್ವನಿಯಿಂದಲೂ ತಿಳಿಯಬಹುದು. ನನ್ನ ವಿಷಯದಲ್ಲಿ ಧ್ವನಿಯಿಂದ ಮಾತ್ರ ತಿಳಿಯಿತು.

ಹಾಗಾದರೆ ಏನು ಮಾಡಬೇಕು? ನಾನು ಈಗ ಅನುಸರಿಸುತ್ತಿರುವ ಕ್ರಮವನ್ನು ಹೇಳುತ್ತೇನೆ.

ಮೊದಲು ಕಲಿಕಾ ಫಲ, ಆಮೇಲೆ ಫೈಲ್ ಬಗೆ. ಮಗು ಏನನ್ನು ತೋರಿಸಬೇಕು ಎಂದು ಕೇಳಿಕೊಳ್ಳುತ್ತೇನೆ. ಸ್ವರವಾದರೆ ಧ್ವನಿ, ಉಪಕರಣದ ಜೋಡಣೆಯಾದರೆ ಫೋಟೋ, ವಾದ ಮಂಡನೆಯಾದರೆ ಬರಹ. ಒಂದು ಕೆಲಸಕ್ಕೆ ಎರಡು ಬಗೆಗಿಂತ ಹೆಚ್ಚು ಇಡುವುದಿಲ್ಲ. ಆಗ ನನಗೂ ನೋಡಲು ಸಾಧ್ಯವಾಗುತ್ತದೆ.

ಎರಡನೆಯದಾಗಿ, ಫೈಲೇ ಇಲ್ಲದ ಒಂದು ದಾರಿಯನ್ನು ಯಾವಾಗಲೂ ತೆರೆದಿಡುತ್ತೇನೆ. 'ಆನ್‌ಲೈನ್ ಟೆಕ್ಸ್ಟ್' ಎಂಬುದಕ್ಕೆ ಟಿಕ್ ಹಾಕಿದರೆ ಮಗು ಅಲ್ಲೇ ಬರೆಯಬಹುದು. ಬರೆಯುವ ಪೆಟ್ಟಿಗೆಯಲ್ಲೇ ಧ್ವನಿ ರೆಕಾರ್ಡ್ ಮಾಡುವ ಗುಂಡಿಯೂ ಇರುತ್ತದೆ. ಅದೂ ಆಗದಿದ್ದರೆ ನೋಟ್‌ಬುಕ್ ತಂದು ತೋರಿಸಬಹುದು ಎಂದು ಸೂಚನೆಯಲ್ಲಿ ಬರೆಯುತ್ತೇನೆ.

ಮೂರನೆಯದಾಗಿ, ಮಿತಿ ಇಟ್ಟರೆ ಕಾರಣವನ್ನೂ ಕನ್ನಡದಲ್ಲಿ ಬರೆಯುತ್ತೇನೆ. 'ಫೋಟೋ 5 ಎಂಬಿ ಒಳಗಿರಲಿ, ನಿಮ್ಮ ಡೇಟಾ ಉಳಿಯಲಿ' ಎಂಬ ಒಂದು ಸಾಲು ಸಾಕು. ಕಾರಣ ತಿಳಿಯದ ತಡೆಯನ್ನು ಮಕ್ಕಳು ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ.

ನಾಲ್ಕನೆಯದಾಗಿ, ನಾವು ಮಕ್ಕಳಿಗೆ ಕೊಡುವ ಸಾಮಗ್ರಿಯಲ್ಲಿ ಸಡಿಲಿಕೆ ಬೇಡ. ವಿಡಿಯೋ ಎಂಪಿ4, ಧ್ವನಿ ಎಂಪಿ3, ಚಿತ್ರ ಜೆಪೆಗ್ ಅಥವಾ ಪಿಎನ್‌ಜಿ. ಇವು ಹೆಚ್ಚುಕಡಿಮೆ ಎಲ್ಲ ಫೋನಿನಲ್ಲೂ ತೆರೆಯುತ್ತವೆ. 4000 ಪಿಕ್ಸೆಲ್ ಅಗಲದ ಫೋಟೋವನ್ನು 1600ಕ್ಕೆ ಇಳಿಸಿದರೆ ಫೋನಿನ ತೆರೆಯಲ್ಲಿ ಏನೂ ಕಳೆದುಹೋಗುವುದಿಲ್ಲ, ಎಂಬಿಗಳಲ್ಲಿದ್ದದ್ದು ಕೆಲವು ನೂರು ಕೆಬಿಗೆ ಬರುತ್ತದೆ. ಓದುವ ಪಠ್ಯವನ್ನು ಪಿಡಿಎಫ್ ಮಾಡದೆ ಮೂಡಲ್ ಪುಟದಲ್ಲೇ ಯೂನಿಕೋಡ್‌ನಲ್ಲಿ ಬರೆದರೆ, ಸಣ್ಣ ತೆರೆಯ ಮೇಲೆ ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಓದುವ ಕಷ್ಟ ತಪ್ಪುತ್ತದೆ. ಒಟ್ಟಿನಲ್ಲಿ, ಮಕ್ಕಳಿಂದ ಪಡೆಯುವಾಗ ಕೈ ಸ್ವಲ್ಪ ಅಗಲವಿರಲಿ, ಕೊಡುವಾಗ ಶಿಸ್ತಿರಲಿ.

ಕೊನೆಯದಾಗಿ, ಪ್ರಕಟಿಸುವ ಮೊದಲು ಒಂದು ಪರೀಕ್ಷಾ ವಿದ್ಯಾರ್ಥಿ ಖಾತೆಯಿಂದ, ಲ್ಯಾಪ್‌ಟಾಪ್ ಬಿಟ್ಟು ಫೋನಿನಿಂದ, ನಾನೇ ಒಮ್ಮೆ ಸಲ್ಲಿಸಿ ನೋಡುತ್ತೇನೆ. ಪ್ರಯೋಗ ಪ್ರದರ್ಶನವನ್ನು ತರಗತಿಗೆ ಮೊದಲು ಒಮ್ಮೆ ಮಾಡಿ ನೋಡಿ ಎಂದು ನಮಗೆ ಹೇಳಿಕೊಡುತ್ತಾರಲ್ಲ, ಇದೂ ಅದೇ.

ಉಪನ್ಯಾಸಕರಲ್ಲಿ ಒಂದು ವಿನಂತಿ. ಪಾಠ ವೀಕ್ಷಣಾ ನಮೂನೆಯಲ್ಲಿ ಕಪ್ಪುಹಲಗೆ ಬಳಕೆಗೆ, ಪ್ರಶ್ನಿಸುವ ಕೌಶಲಕ್ಕೆ, ಕಲಿಕೋಪಕರಣಕ್ಕೆ ಸಾಲುಗಳಿವೆ. ಆನ್‌ಲೈನ್ ಚಟುವಟಿಕೆ ಕೊಟ್ಟ ಪಾಠಗಳಿಗೆ ಇನ್ನೊಂದು ಸಾಲು ಸೇರಿಸಿ: ಯಾವ ಫೈಲ್ ಬಗೆಗಳನ್ನು ಸ್ವೀಕರಿಸಲಾಗಿದೆ, ಏಕೆ? ಐಸಿಟಿ ದಾಖಲೆ ಪುಸ್ತಕದಲ್ಲಿ ನಾವು ಅಸೈನ್‌ಮೆಂಟ್ ರಚಿಸಿದ ಪುಟದ ಚಿತ್ರ ಅಂಟಿಸುತ್ತೇವೆ, ಅಂಕ ಸಿಗುತ್ತದೆ. ಅದರಲ್ಲಿನ ಒಂದೊಂದು ಆಯ್ಕೆಗೂ ಕಾರಣ ಕೇಳಿದವರು ಈವರೆಗೆ ಯಾರೂ ಇಲ್ಲ. ಕೇಳಿದ್ದರೆ ನಕಲು ಮಾಡಿದ ಸೆಟ್ಟಿಂಗ್‌ಗೆ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ, ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಆಗ ಅದು ನನ್ನ ತಪ್ಪಾಗಿ ಉಳಿಯುತ್ತಿತ್ತು, ಮಗುವಿನ ತಲೆಗೆ ಬರುತ್ತಿರಲಿಲ್ಲ.

ಆ ಹುಡುಗಿಯ ಅಂಕ ತಿದ್ದಿದೆ. ಅದು ಸುಲಭದ ಕೆಲಸ. ಕಷ್ಟವಾದದ್ದು ತರಗತಿಯ ಮುಂದೆ ನಿಂತು, ಹೋದ ವಾರ ನಾನು ತಪ್ಪು ಎಂದಿದ್ದು ಸರಿಯಾಗಿತ್ತು ಎಂದು ಹೇಳುವುದು. ಹೇಳಿದೆ. ಆಮೇಲೆ ಅವಳನ್ನೇ ಕರೆದು ಊದಿ ತೋರಿಸಲು ಹೇಳಿದೆ, ಇನ್ನೊಬ್ಬ ಹುಡುಗ ಲೋಟ ತಟ್ಟಿದ. ಒಂದೇ ನೀರು, ಎರಡು ದಿಕ್ಕಿಗೆ ಹೋಗುವ ಸ್ವರ. ಏಕೆ ಎಂದು ಮಕ್ಕಳೇ ವಾದಕ್ಕೆ ಬಿದ್ದರು. ಇಂಟರ್ನ್‌ಶಿಪ್‌ನಲ್ಲಿ ನಾನು ಮಾಡಿದ ಅತ್ಯುತ್ತಮ ಅವಧಿ ಅದು, ಅದರ ಪಾಠ ಯೋಜನೆ ಬರೆದವಳು ಮಾತ್ರ ನಾನಲ್ಲ.

ಅವಧಿ ಮುಗಿದ ಮೇಲೆ ಅವಳು ಕೇಳಿದಳು: "ಮಿಸ್, ಇನ್ಮೇಲೆ ಸೌಂಡ್ ಹಾಕಿದ್ರೆ ತಗೊಳುತ್ತಾ?" ತಗೊಳುತ್ತೆ ಎಂದೆ. ಆ ಸಂಜೆ ಹಾಸ್ಟೆಲ್ಲಿಗೆ ಬಂದು ಮೊದಲು ಫೋನಿನಿಂದ ಹಾಕಿ ನೋಡಿದೆ.